ದಾಳಿಂಬಿ ಮತ್ತ ಹಚ್ಚೂ ಮುಂಚೆ ಹಳೇದು ನೆನಸ್ರಿ

ಕುಷ್ಟಗಿ, ಯಲಬುರ್ಗಾ ಮಸಾರಿ ಹೊಲದಾಗ ದಾಳಿಂಬಿ ಮತ್ತ ಹಚ್ಚಾಕತ್ತಾರ. ಅದಕ್ಕ ಈ ಮಾತು.

1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಡಾ. ಚೀಮಾ ಆರಿಸಿದ್ದು ಗಣೇಶ ತಳಿ. ಆಮೇಲೆ ರಾಹುರಿಯಿಂದ ಭಗವಾ ಬಂತು. ಕಡಿಮೆ ನೀರು, ಒಳ್ಳೇ ರೇಟು. ನಮ್ಮ ಮಂದಿ ಬೋರು ಹೊಡಿಸಿ, ಡ್ರಿಪ್ ಹಾಕಿ ಮುಳ್ಳಿನ ಗಿಡ ಮಕ್ಕಳಂಗ ಸಾಕಿದ್ರು.

ದೇಶದಾಗ 1952ರಲ್ಲೇ ವರದಿಯಾಗಿದ್ದ ದುಂಡಾಣು ಅಂಗಮಾರಿ 2000ದ ನಂತರ ನಮ್ಮ ತೋಟಕ್ಕೂ ಹೊಕ್ಕಿತು. ಕಾಯಿ ಮ್ಯಾಲೆ ಕಪ್ಪು ಚುಕ್ಕಿ, ಆಮೇಲೆ ಸೀಳು. ಗಿಡ ಬೇರುಸಮೇತ ಕಿತ್ತೊಗದ್ವಿ, ಸಾಲ ಮಾತ್ರ ಉಳೀತು.

ಆ ರೋಗ ಹಬ್ಬೋದು ಸಸಿ, ಮಳೆಹನಿ, ಕತ್ತರಿ ಮೂಲಕ. ರೋಗ ಬಂದ ತೋಟದ ಗೂಟಿ ಸಸಿ ಪುಕ್ಕಟ ಕೊಟ್ರೂ ಬ್ಯಾಡ. ಮಳಿಗಾಲದ ಮೃಗ ಬಹಾರ ಬಿಟ್ಟು ಹಸ್ತ ಬಹಾರ ಹಿಡೀರಿ. ಚಾಟ್ನಿ ಮುಗಿದ ಕೂಡಲೇ ಶೇ. 1ರ ಬೋರ್ಡೋ ಹೊಡೀರಿ, ಉದುರಿದ ಎಲಿ ಸುಡ್ರಿ.

ನಮ್ಮಪ್ಪ ಗಿಡ ಕಿತ್ತ ಕುಣಿ ಇನ್ನೂ ಹೊಲದಾಗ ಅದಾವ. ನಾ ಮತ್ತ ಹಚ್ಚಾಂವ, ಆದ್ರ ಸಸಿ ನೋಡಿ.