ಶಾಸನದ ಸಂಖ್ಯೆಯೂ ಪಟ್ಟಿಯ ಶಿಸ್ತೂ

ಶಿರಸಿ, ಸಿದ್ದಾಪುರ, ಯಲ್ಲಾಪುರದ ವಿದ್ಯಾರ್ಥಿಗಳಿಗೆಂದು ಕದಂಬರ ಇತಿಹಾಸಕ್ಕೆ ಸಂಬಂಧಿಸಿದ ಶಾಸನಗಳ ಪಟ್ಟಿಯೊಂದನ್ನು ಈಚೆಗೆ ಸಿದ್ಧಪಡಿಸುತ್ತಿದ್ದೆ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಬರಹಕ್ರಮವನ್ನು ಮೊಮ್ಮಗ ಕಲಿಸಿಕೊಟ್ಟಿದ್ದ. ತಾಳಗುಂದದ ಸ್ತಂಭಶಾಸನದ ಸಂಖ್ಯೆ 176ನ್ನು ಮೊದಲು ಬರೆದು, ಕೆಳಗೆ ಬೇರೆರಡು ಶಾಸನಗಳನ್ನು ಅವುಗಳ ಸಂಖ್ಯೆಯೊಡನೆ ಸೇರಿಸಿದೆ. ತೆರೆಯ ಮೇಲೆ ಮೂಡಿದ್ದು 176, 177, 178! ಯಂತ್ರವು ನನ್ನ ಸಂಖ್ಯೆಗಳನ್ನು ತಾನೇ ತಿದ್ದಿತ್ತು.

ಓದುಗ ಮಿತ್ರರೇ, ಇದು ಸಣ್ಣ ತಪ್ಪಲ್ಲ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಪೈಕಿ ಹೆಚ್ಚಿನವುಗಳಲ್ಲಿ ಪ್ರತಿ ತಾಲೂಕಿಗೂ ಒಂದರಿಂದ ಹೊಸ ಎಣಿಕೆ. ಆದುದರಿಂದ ‘ಶಿಕಾರಿಪುರ 176’ ಎಂದರೆ ಮಯೂರಶರ್ಮನ ಕಥೆ ಹೇಳುವ ತಾಳಗುಂದದ ಶಾಸನವೇ ಹೊರತು ಬೇರಾವುದೂ ಅಲ್ಲ. ನಮ್ಮ ತಾಲೂಕುಗಳಾದರೋ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮೈಸೂರಿನ ಆ ಸಂಪುಟಗಳಲ್ಲಿ ಅವಕ್ಕೆ ಸ್ಥಾನವಿರಲಿಲ್ಲ. ಮುಂಬಯಿ ಕರ್ನಾಟಕದ ಶಾಸನ ಸಂಪುಟಗಳು ರಾಜವಂಶದ ಕ್ರಮ ಹಿಡಿದು, ಇಡೀ ಸಂಪುಟಕ್ಕೆ ಒಂದೇ ಎಣಿಕೆಯನ್ನು ಅನುಸರಿಸಿದವು. ಬನವಾಸಿಗೂ ನೆರೆಯ ಸೊರಬಕ್ಕೂ ಕಾಗದದ ಮೇಲೆ ಹೀಗೆ ಎರಡು ಪದ್ಧತಿಗಳು. ಮೈಸೂರು ವಿಶ್ವವಿದ್ಯಾಲಯವು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಹೊಸ ಸಂಖ್ಯೆಯೊಡನೆ ಹಳೆಯದನ್ನೂ ಉಳಿಸಿಕೊಂಡಿತು. ಇಲ್ಲವಾದರೆ ಹಿಂದಿನ ಸಂಶೋಧಕರ ಉಲ್ಲೇಖಗಳೆಲ್ಲ ದಿಕ್ಕು ತಪ್ಪುತ್ತಿದ್ದವು.

ಮಾರ್ಕ್‌ಡೌನಿನ ನಿಯಮವನ್ನು ಖಚಿತಗೊಳಿಸಲು 2014ರಲ್ಲಿ ಬಂದ ಕಾಮನ್‌ಮಾರ್ಕ್ ಪ್ರಕಾರ, ಪಟ್ಟಿಯ ಮೊದಲ ಸಂಖ್ಯೆಗೆ ಮಾತ್ರ ಬೆಲೆ. ಮುಂದಿನವು ತಾವಾಗಿ ಏರುತ್ತವೆ. ಕನ್ನಡದ ಅಂಕಿಗಳನ್ನು ಅದು ಪಟ್ಟಿಯ ಸಂಖ್ಯೆಯೆಂದು ಗುರುತಿಸುವುದಿಲ್ಲ. ಸಾಲಿನ ಆರಂಭದಲ್ಲಿ ಒಮ್ಮೆ ಅಡ್ಡಗೆರೆ, ಒಮ್ಮೆ ನಕ್ಷತ್ರ ಹಾಕಿದರೆ ಒಂದೇ ಪಟ್ಟಿ ಎರಡಾಗಿ ಒಡೆಯುತ್ತದೆ.

ಆದ್ದರಿಂದ ನಾನೀಗ ಮೂರು ನಿಯಮಗಳನ್ನು ಪಾಲಿಸುತ್ತೇನೆ. ಆದ್ಯಂತ ಅಡ್ಡಗೆರೆಯೊಂದೇ ಗುರುತು. ಕ್ರಮವೇ ಮುಖ್ಯವಾದಲ್ಲಿ ಮಾತ್ರ ಯಂತ್ರದ ಎಣಿಕೆ. ಶಾಸನದ ಸಂಖ್ಯೆಯನ್ನು ಎಂದೂ ಸಾಲಿನ ತಲೆಯಲ್ಲಿಡದೆ, ‘ಶಿಕಾರಿಪುರ 176’ ಎಂದು ತಾಲೂಕಿನ ಹೆಸರಿನೊಡನೆ ಬರೆಯುವುದು.

ಶಾಲೆಯಲ್ಲಿ ಹಾಜರಿ ಸಂಖ್ಯೆ ವರ್ಷವರ್ಷವೂ ಬದಲಾಗುತ್ತಿತ್ತು. ದಾಖಲಾತಿ ಸಂಖ್ಯೆ ಮಾತ್ರ ಮಗು ಶಾಲೆ ಬಿಟ್ಟ ಮೇಲೂ ಅದರದೇ. ಮೊದಲನೆಯದನ್ನು ಯಂತ್ರ ಎಣಿಸಲಿ, ಎರಡನೆಯದನ್ನು ನಾವೇ ಕಾಯೋಣ.