ಒಲೆ ಮೇಲೇರಿತು, ಬಚ್ಚಲು ಒಳಬಂತು

ಮನೆ ನವೀಕರಣಕ್ಕೆ ಹೊರಟವರು ಮೊದಲು ಕೈಹಾಕುವುದು ಅಡುಗೆಮನೆಗೆ, ಇಲ್ಲವೇ ಬಚ್ಚಲಿಗೆ. ಗ್ರಾನೈಟ್ ಯಾವ ಬಣ್ಣದ್ದಿರಲಿ, ಟೈಲ್ಸ್ ಎಷ್ಟೆತ್ತರಕ್ಕೆ ಹಾಕಿಸೋಣ, ಸಿಂಕು ಕಿಟಕಿಯ ಕೆಳಗೆ ಬರಲೋ ಪಕ್ಕಕ್ಕೋ ಎಂಬ ಮಾತೆಲ್ಲ ಮನೆಯವರ ಅಭಿರುಚಿಯ ಸುತ್ತಲೇ ನಡೆಯುತ್ತದೆ. ಆದರೆ ಹಳೇ ಮೈಸೂರಿನ ಊರುಗಳಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಈ ಎರಡು ಕೋಣೆಗಳು ಕಳೆದ ಒಂದೂಕಾಲು ಶತಮಾನದಲ್ಲಿ ಬದಲಾದ ಬಗೆಯನ್ನು ಗಮನಿಸಿದರೆ ಅಭಿರುಚಿಯ ಪಾಲು ಬಲು ಸಣ್ಣದು ಎನಿಸುತ್ತದೆ. ಬೀದಿಗೆ ಯಾವ ಕೊಳವೆ ಬಂತು, ಹಿತ್ತಲ ಬಾಗಿಲಿಗೆ ಯಾರು ಬರುವುದು ನಿಂತಿತು, ಉರಿಯುವ ವಸ್ತು ಸೌದೆಯೋ ಅನಿಲವೋ ಎಂಬುದೇ ನಕ್ಷೆಯನ್ನು ಬರೆದಿದೆ. ಮನೆಯವರು ಆರಿಸಿದ್ದು ಬಹುಪಾಲು ಬಣ್ಣವನ್ನು ಮಾತ್ರ.

ಹಳೆಯ ಅಡುಗೆಮನೆ ಕುಳಿತು ಮಾಡುವ ಕೆಲಸಗಳ ಜಾಗವಾಗಿತ್ತು. ಮಣ್ಣಿನ ಒಲೆ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಮುಂದಿನ ಬಾಯಿಯ ಉರಿ ಪಕ್ಕದ ಕೋಡೊಲೆಗೂ ಹಾದು ಅಲ್ಲಿಟ್ಟ ಸಾರನ್ನೋ ಹಾಲನ್ನೋ ಬೆಚ್ಚಗಿಡುತ್ತಿತ್ತು. ಹೆಚ್ಚಲು ಈಳಿಗೆ ಮಣೆ, ರುಬ್ಬಲು ಒರಳು, ಬೀಸಲು ಬೀಸುಕಲ್ಲು, ಎಲ್ಲವೂ ನೆಲಮಟ್ಟದವೇ. ಹೊಗೆಗೆ ಬೇರೆ ದಾರಿಯಿರಲಿಲ್ಲ. ಹೆಂಚಿನ ಸಂದಿಯಿಂದ, ಗವಾಕ್ಷಿಯಿಂದ ತಾನಾಗಿ ಹೋದಷ್ಟು ಹೋಗಿ ಉಳಿದದ್ದು ಅಡುಗೆಯವಳ ಕಣ್ಣಿಗೂ ಎದೆಗೂ ಇಳಿಯುತ್ತಿತ್ತು. ಆ ಹೊಗೆಯಿಂದ ಉಪಯೋಗವೂ ಇತ್ತು: ಅಟ್ಟದ ಮೇಲಿನ ದವಸಕ್ಕೆ ಹುಳು ಬೀಳದಂತೆ, ಜಂತಿಗೆ ಗೆದ್ದಲು ಹತ್ತದಂತೆ ಅದು ಕಾಯುತ್ತಿತ್ತು. ಬಚ್ಚಲದ್ದು ಇನ್ನೂ ಅಚ್ಚುಕಟ್ಟಾದ ಏರ್ಪಾಡು. ತಾಮ್ರದ ಹಂಡೆಯನ್ನು ಕುತ್ತಿಗೆಯವರೆಗೆ ಮಣ್ಣಿನ ಕಟ್ಟೆಯಲ್ಲಿ ಹೂತು, ಅನುಕೂಲವಿದ್ದ ಕಡೆ ಒಲೆಯ ಬಾಯಿಯನ್ನು ಹಿತ್ತಲಿಗೆ ತೆರೆದಿಡುತ್ತಿದ್ದರು. ಸ್ನಾನ ಮಾಡುವವರಿಗೆ ಹೊಗೆ ತಾಗುತ್ತಿರಲಿಲ್ಲ. ಅಡುಗೆಗೆ ಒದಗದ ತೆಂಗಿನ ಗರಿ, ಸಿಪ್ಪೆ, ತರಗೆಲೆ ಎಲ್ಲ ಆ ಒಲೆಗೆ ಸಲ್ಲುತ್ತಿದ್ದವು. ಬೂದಿ ಪಾತ್ರೆ ತಿಕ್ಕಲು, ಬಚ್ಚಲ ನೀರು ಬಾಳೆಗೆ ಮತ್ತು ಕೆಸುವಿಗೆ. ಒಂದು ಹನಿಯೂ ಒಂದು ಹಿಡಿ ಬೂದಿಯೂ ಹಾಳಾಗದ ಈ ವ್ಯವಸ್ಥೆಯನ್ನು ಮೆಚ್ಚದಿರಲಾಗದು. ಆದರೆ ಅದು ನಡೆದದ್ದು ಬಾವಿಯಿಂದ ಕೊಡ ಹೊತ್ತ ಹೆಂಗಸರ ಸೊಂಟದ ಮೇಲೆ. ಪಾಯಿಖಾನೆಯಂತೂ ಹಿತ್ತಲ ತುದಿಯಲ್ಲಿರುತ್ತಿತ್ತು, ಇಲ್ಲವೇ ಇರಲೇ ಇಲ್ಲ.

ಬೆಂಗಳೂರಿನಲ್ಲಿ ಇದನ್ನು ಮೊದಲು ಅಲುಗಿಸಿದ್ದು ನೀರು ಮತ್ತು ರೋಗ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟದಿಂದ ಊರಿಗೆ ಕೊಳಾಯಿ ನೀರು ಬಂತು. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಕುಟುಂಬಗಳಿಂದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬತೊಡಗಿದವು. ಈ ಬಡಾವಣೆಗಳ ನಕ್ಷೆಯಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಓಣಿ ಓಡುತ್ತದೆ. ಊರಿನವರು ಇಂದಿಗೂ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಮುಂಬಾಗಿಲಿಗೆ ಬರಗೊಡದ ಜನ ಆ ಓಣಿಯಿಂದ ಬಂದು, ಹಿತ್ತಲ ಪಾಯಿಖಾನೆಯ ಹಿಂದಿನ ಕಿಂಡಿಯಿಂದ ಮಲವನ್ನು ತೆಗೆದು ಹೊತ್ತೊಯ್ಯಬೇಕಿತ್ತು. ಗಾಳಿ ಬೆಳಕಿಗೆಂದು ಮಾಡಿದ ನವೀನ ಬಡಾವಣೆ, ಜಾತಿಯ ದುಡಿಮೆಯನ್ನು ಅಳತೆಪಟ್ಟಿ ಹಿಡಿದು ನಕ್ಷೆಯೊಳಗೇ ಕೂರಿಸಿಕೊಂಡಿತು. ಆ ಮನೆಗಳ ಪಾಯಿಖಾನೆ ಹಿತ್ತಲಲ್ಲೇ ಉಳಿಯಲು ಕಾರಣ ದುರ್ವಾಸನೆಯೊಂದೇ ಅಲ್ಲ. ಅದನ್ನು ತೆಗೆಯುವ ಮನುಷ್ಯ ಮನೆಯೊಳಗೆ ಕಾಲಿಡಕೂಡದು ಎಂಬ ಕಟ್ಟಳೆಯೂ ಹೌದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಬಚ್ಚಲು, ಪಾಯಿಖಾನೆ ಮನೆಯೊಳಗೆ ಬಂದದ್ದು ಮಡಿ ಮೈಲಿಗೆಯ ನಂಬಿಕೆ ಸಡಿಲವಾದದ್ದರಿಂದ, ಕೊಳವೆಯಿಂದಲ್ಲ ಎಂದು ಹಲವರು ವಾದಿಸುತ್ತಾರೆ. ನಂಬಿಕೆ ಮೊದಲು ಸಡಿಲವಾಗಿದ್ದರೆ ಅದರ ಗುರುತು ಮನೆಯ ಉಳಿದ ಕಡೆಗಳಲ್ಲೂ ಕಾಣಬೇಕಿತ್ತು. ಕಾಣುವುದು ಅದರ ತಿರುಗುಮುರುಗು. ಇವತ್ತು ಮಾಡ್ಯುಲರ್ ಅಡುಗೆಮನೆ ಮಾಡಿಸುವವರೂ ಒಲೆ ಆಗ್ನೇಯದಲ್ಲಿರಲಿ, ಅಡುಗೆ ಮಾಡುವವರ ಮುಖ ಪೂರ್ವಕ್ಕಿರಲಿ ಎನ್ನುತ್ತಾರೆ; ದೇವರಮನೆಯ ಗೋಡೆಗೆ ಟಾಯ್ಲೆಟ್ ತಗುಲಬಾರದು ಎಂದು ಹಟ ಹಿಡಿಯುತ್ತಾರೆ. ಆದರೂ ಅದೇ ಮನೆಯ ಪ್ರತಿ ಮಲಗುವ ಕೋಣೆಗೂ ಅಟ್ಯಾಚ್ಡ್ ಬಾತ್‌ರೂಂ ಇರುತ್ತದೆ. ನಂಬಿಕೆ ಇದ್ದಲ್ಲೇ ಇದೆ, ನಕ್ಷೆ ಬದಲಾಗಿದೆ. ಬದಲಾಯಿಸಿದ್ದು ನೀರಿನ ಒತ್ತಡ, ಒಳಚರಂಡಿ, ಅದಿಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್. ಫ್ಲಶ್ ಬಂದ ಮೇಲೆ ಹೊರುವವನು ಕಣ್ಣಿಗೆ ಬೀಳುವುದು ತಪ್ಪಿತು, ಆಗ ಕೋಣೆ ಒಳಕ್ಕೆ ಸರಿಯಿತು. ಒಳಚರಂಡಿ ತಲುಪದ ಸಣ್ಣ ಪಟ್ಟಣಗಳಲ್ಲಿ ಹಳೆಯ ಏರ್ಪಾಡು ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ ಅದನ್ನು ನಿಲ್ಲಿಸಲು ಸರ್ಕಾರವೇ ಕೈಹಾಕಬೇಕಾಯಿತು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಇವುಗಳ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕರ್ನಾಟಕದ ಬಚ್ಚಲಿನ ಇತಿಹಾಸವನ್ನು ಟೈಲ್ಸಿನ ಇತಿಹಾಸವಾಗಿ ಬರೆಯುವವರು ಈ ಪುಟವನ್ನು ಮಡಚಿಡುವುದು ಸರಿಯಲ್ಲ.

ಅಡುಗೆಮನೆಯ ಮಟ್ಟಿಗೆ ನಿರ್ಣಾಯಕವಾದದ್ದು ಅನಿಲ. ಸೀಮೆಎಣ್ಣೆ ಸ್ಟೌ ಬಂದಾಗಲೂ ಅಡುಗೆಯವರು ಅದನ್ನು ನೆಲದ ಮೇಲಿಟ್ಟುಕೊಂಡು, ಮಣೆ ಹಾಕಿ ಕುಳಿತೇ ಬೇಯಿಸಬಹುದಿತ್ತು, ಎಷ್ಟೋ ಮನೆಗಳಲ್ಲಿ ಹಾಗೇ ಮಾಡಿದರು. ಇಂಡಿಯನ್ ಆಯಿಲ್ ಸಂಸ್ಥೆ 1965ರಲ್ಲಿ ಇಂಡೇನ್ ಶುರುಮಾಡಿದ ಮೇಲೆ ಹರಡಿದ ಎಲ್‌ಪಿಜಿಗೆ ಆ ಅವಕಾಶವಿರಲಿಲ್ಲ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಬೇಕೆಂಬುದು ಸುರಕ್ಷತೆಯ ನಿಯಮ. ನಿಯಮದಂತೆ ನಡೆಯಬೇಕೆಂದರೆ ಕಟ್ಟೆ ಬೇಕು. ಕಡಪ ಕಲ್ಲಿನ ಚಪ್ಪಡಿಯನ್ನು ಇಟ್ಟಿಗೆಯ ಕಾಲುಗಳ ಮೇಲೆ ಕೂರಿಸಿ, ಕೆಳಗೆ ಸಿಲಿಂಡರಿಗೆ ಜಾಗ ಬಿಟ್ಟು ಕಟ್ಟಿದ ಆ ಕಟ್ಟೆಯೇ ನಮ್ಮ ನವೀಕರಣಗಳ ತಾಯಿ. ಒಲೆ ಮೇಲೇರಿದ ಮೇಲೆ ಹೆಚ್ಚುವ ಕೆಲಸ ಮೇಲೇರಿತು, ಈಳಿಗೆ ಮಣೆಯ ಜಾಗಕ್ಕೆ ಚಾಕು ಬಂತು. ತೊಳೆಯುವ ಕೆಲಸ ಹಿತ್ತಲಿನಿಂದ ಕಟ್ಟೆಯ ಸಿಂಕಿಗೆ ಬಂತು. ಮಿಕ್ಸಿ ಬಂದು ಒರಳನ್ನು ಮೂಲೆಗೆ ತಳ್ಳಿತು. ಹೊಗೆಯಿಲ್ಲದ ಕಾರಣ ಅಡುಗೆಮನೆಯನ್ನು ಮನೆಯ ಹಿಂಭಾಗಕ್ಕೆ ದೂಡುವ ಅಗತ್ಯ ಉಳಿಯಲಿಲ್ಲ. ಈಗಿನ ತೆರೆದ ಅಡುಗೆಮನೆ ಹಜಾರಕ್ಕೇ ಮುಖ ಮಾಡಿ ನಿಂತಿದೆ.

ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋಗತೊಡಗಿದ್ದರಿಂದ ನಿಂತು ಬೇಗ ಮುಗಿಸುವ ಅಡುಗೆಮನೆ ಬೇಕಾಯಿತು, ಅದೇ ನಿಜವಾದ ಕಾರಣ ಎಂಬ ವಾದವೂ ಇದೆ. ಇದರಲ್ಲಿ ಹುರುಳಿದೆ. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆ ಪುಟ್ಟ ಅಡುಗೆಮನೆಯನ್ನು ರೂಪಿಸಿದ್ದು ಇದೇ ತರ್ಕದಿಂದ. ಹೆಂಗಸಿನ ಹೆಜ್ಜೆ ಉಳಿಯಬೇಕು, ಹೊತ್ತು ಉಳಿಯಬೇಕು ಎಂಬುದು ಅವರ ಕಾಳಜಿಯಾಗಿತ್ತು. ಆದರೆ ಹೊತ್ತು ಉಳಿಸುವ ಅಗತ್ಯ ನಮ್ಮಲ್ಲಿ ಓದಿದವರಿಂದ ಹುಟ್ಟಿದ್ದಲ್ಲ. ಬೆಳಗ್ಗೆ ರೊಟ್ಟಿ ತಟ್ಟಿಟ್ಟು ಕಳೆ ಕೀಳಲು ಹೊಲಕ್ಕೆ ಹೋಗುತ್ತಿದ್ದವಳಿಗೆ ಅದು ಎಲ್ಲರಿಗಿಂತ ಹೆಚ್ಚಿತ್ತು. ಆದರೂ ಅವಳ ಒಲೆ ನೆಲಬಿಟ್ಟು ಏಳಲಿಲ್ಲ. ಬೇಡಿಕೆ ಎಂದಿನಿಂದಲೂ ಇತ್ತು, ಒದಗಣೆ ಇರಲಿಲ್ಲ. ನನ್ನ ವಾದಕ್ಕೆ ನಿಜವಾಗಿ ಸವಾಲು ಹಾಕುವ ಉದಾಹರಣೆ ಅಸ್ತ್ರ ಒಲೆ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಅಸ್ತ್ರ ತಂಡ, ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗಳಲ್ಲಿ ಕೆಲಸ ಮಾಡುತ್ತ, ಮೂರು ಪಾತ್ರೆ ಕೂರುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಸೌದೆ ಒಲೆಯನ್ನು ರೂಪಿಸಿತು. ಕೊಳಾಯಿ ಬೇಡ, ಸಿಲಿಂಡರ್ ಬೇಡ. ಬಹುಮಟ್ಟಿಗೆ ಮಣ್ಣು, ಇಟ್ಟಿಗೆ ಸಾಕು. ಅಡುಗೆಮನೆಯನ್ನು ಒಳಗಿನಿಂದಲೇ ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಗೌರವದ ಪ್ರಯತ್ನ ನಾಡಿನಲ್ಲಿ ಇನ್ನೊಂದಿಲ್ಲ. ಆದರೆ ಒಲೆಯೊಳಗಿನ ಅಳತೆ ತುಸು ತಪ್ಪಿದರೂ ಉರಿ ಎಳೆಯುವುದಿಲ್ಲ. ಅದನ್ನು ಬಲ್ಲ ಗಾರೆಯವರು ಬೇಕು, ಬಿರುಕು ಬಿಟ್ಟಾಗ ಮತ್ತೆ ಬರಬೇಕು, ಹೊಗೆಕೊಳವೆಯ ಮಸಿ ಆಗಾಗ ತೆಗೆಯಬೇಕು. ಅಂದರೆ ಇದಕ್ಕೂ ಹೊರಗೊಂದು ಜಾಲ ಬೇಕಿತ್ತು, ಕಬ್ಬಿಣದ ಕೊಳವೆಗಳದ್ದಲ್ಲ, ಕೈಕಸುಬಿನವರದ್ದು.

ಬಿಸಿನೀರಿನ ಕಥೆಯೂ ಹೀಗೆಯೇ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದರೂ ಹಂಡೆಗೆ ಅದರಿಂದ ಬಹುಕಾಲ ಏನೂ ಆಗಲಿಲ್ಲ. ಆಗ ಅದು ಮುಖ್ಯವಾಗಿ ದೀಪದ ವಿದ್ಯುತ್ತು. ನಿವೇಶನ ಕಿರಿದಾಗಿ, ಹಿತ್ತಲು ಹೋಗಿ, ತೆಂಗಿನ ಗರಿ ಸಿಗದಾದ ಮೇಲೆ ಹಂಡೆ ಅಟ್ಟ ಸೇರಿತು, ಗೋಡೆಗೆ ಗೀಸರ್ ಬಂತು. ಆಮೇಲೆ ಸರ್ಕಾರ ದೊಡ್ಡ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದಾಗ ಬೆಂಗಳೂರಿನ ತಾರಸಿಗಳ ಚಹರೆಯೇ ಬದಲಾಯಿತು. ಇವತ್ತು ಅಪಾರ್ಟ್‌ಮೆಂಟಿನಲ್ಲಿ ಬಚ್ಚಲು ಹೊಸದು ಮಾಡಿಸುವವರನ್ನು ಪ್ಲಂಬರ್ ಮೊದಲು ಕೇಳುವುದು ಕೊಳವೆಗಳು ಇಳಿಯುವ ಶಾಫ್ಟ್ ಎಲ್ಲಿದೆ, ಕೊಳವೆ ಹುದುಗಿಸಲು ತಗ್ಗಿಸಿದ ಸಂಕನ್ ಸ್ಲ್ಯಾಬ್ ಎಷ್ಟು ಆಳವಿದೆ ಎಂದು; ಕಮೋಡನ್ನು ಆಚೆ ಗೋಡೆಗೆ ಸರಿಸಬಹುದೋ ಇಲ್ಲವೋ ಎಂಬುದು ಕಟ್ಟಡ ಏಳುವ ಮೊದಲೇ ತೀರ್ಮಾನವಾಗಿರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟುಗಳ, ಹೋಟೆಲುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಹಾಕಿಸುವುದನ್ನು ಕಡ್ಡಾಯ ಮಾಡಿತು. ಊರಿಗೆ ನೀರುಣಿಸುವ ದೂರದ ಕಾವೇರಿ ಕೊಳ್ಳದಲ್ಲಿ ಹಿಂದಿನ ವರ್ಷ ಎಷ್ಟು ಮಳೆಯಾಗಿತ್ತೆಂಬುದು ಮನೆಯ ನಲ್ಲಿಯ ಬಾಯಿಯವರೆಗೂ ಬಂದು ಮುಟ್ಟಿತು.