ಹೋರಿ, ಎತ್ತು ಮತ್ತು ಟೆಸ್ಟೋಸ್ಟಿರೋನ್: ಹೊರಗಿನಿಂದ ಕೊಟ್ಟ ಹಾರ್ಮೋನಿನ ಕಥೆ

ನಮ್ಮ ಜತ್ತ ತಾಲೂಕಿನ ಮಕ್ಕಳಿಗೆ ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸವನ್ನು ನಾವು ಕಲಿಸಬೇಕಾದದ್ದಿಲ್ಲ. ಬೀಜ ಒಡೆಸಿದ ಮೇಲೆ ಖಿಲಾರಿ ಹೋರಿ ಹೇಗೆ ಮೆತ್ತಗಾಗುತ್ತದೆ, ನೊಗಕ್ಕೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಅವರೇ ನಮಗೆ ಹೇಳುತ್ತಾರೆ. ಆದರೆ ಅದು ಯಾಕೆ ಹಾಗೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಪಾಠದಲ್ಲಿ ನಿರ್ನಾಳ ಗ್ರಂಥಿಗಳ ಕೋಷ್ಟಕವೊಂದಿದೆ. ಅದರಲ್ಲಿ ‘ವೃಷಣ – ಟೆಸ್ಟೋಸ್ಟಿರೋನ್’ ಎಂದು ಒಂದೇ ಸಾಲು. ನಾವೂ (ಸುಳ್ಳೇಕೆ ಹೇಳಬೇಕು!) ಆ ಸಾಲನ್ನು ಬೇಗ ಓದಿ ಮುಂದಕ್ಕೆ ಹೋಗುತ್ತಿದ್ದೆವು.

ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆ ಬಿಟ್ಟ ಮೇಲೆ ಬಂದು ಕಟ್ಟೆಯ ಮೇಲೆ ಕೂತ. ಆ ಮಾತು ಈ ಮಾತು ಆಡಿ, ಕೊನೆಗೆ ತಲೆ ತಗ್ಗಿಸಿ ಕೇಳಿದ: “ಸರ್, ಜಿಮ್‌ನ್ಯಾಗ ಹೇಳಿದ್ರಂತ ಎಂಟು ತಿಂಗಳ ಇಂಜೆಕ್ಷನ್ ತಗೊಂಡಿದ್ದೆರಿ. ಲಗ್ನಾಗಿ ಎರಡು ವರ್ಷಾತು, ಇನ್ನಾ ಮಕ್ಕಳಾಗಿಲ್ಲರಿ. ಅದರಿಂದ ಆಗಿರಬಹುದೇನ್ರಿ?” ನಾವು ಬೇಗ ಓದಿ ದಾಟಿಸಿದ್ದ ಆ ಸಾಲು ಹೀಗೆ ತಿರುಗಿ ಬಂದು ಎದುರಿಗೆ ಕೂತಿತ್ತು. ಅವನಿಗೆ ಉತ್ತರ ಹುಡುಕುತ್ತ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಥೆ ಶುರುವಾಗುವುದು ಹುಂಜಗಳಿಂದ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬೆರ್ತೋಲ್ಡ್ ಎಂಬ ಪ್ರಾಧ್ಯಾಪಕ ಆರು ಎಳೆಯ ಹುಂಜಗಳ ವೃಷಣ ತೆಗೆದ. ಎರಡನ್ನು ಹಾಗೇ ಬಿಟ್ಟ. ಉಳಿದವುಗಳ ಹೊಟ್ಟೆಯೊಳಗೆ ಒಂದೊಂದು ವೃಷಣವನ್ನು ಮತ್ತೆ ಕೂಡಿಸಿದ. ಹಾಗೇ ಬಿಟ್ಟವುಗಳ ಜುಟ್ಟು ಬೆಳೆಯಲಿಲ್ಲ, ಜಗಳವಿಲ್ಲ, ಕೂಗಿಲ್ಲ. ಮಿಕ್ಕವು ಸರಿಯಾದ ಹುಂಜಗಳೇ ಆದವು. ನರಗಳೆಲ್ಲ ಕತ್ತರಿಸಿ ಹೋಗಿದ್ದರೂ ಕೆಲಸ ನಡೆದಿದೆ ಎಂದರೆ ಏನೋ ಒಂದು ರಕ್ತದ ಮೂಲಕವೇ ಹೋಗುತ್ತಿರಬೇಕು ಎಂದು ಬೆರ್ತೋಲ್ಡ್ ಬರೆದ. ಅರ್ಧ ಶತಮಾನ ಆ ಮಾತನ್ನು ಕೇಳಿದವರು ಕಡಿಮೆ.

ಆದರೆ 1889ರಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರ್ ಹೇಳಿದ್ದನ್ನು ಜಗತ್ತೆಲ್ಲ ಕೇಳಿತು! ಆತ ಹೆಸರಾಂತ ಶರೀರಶಾಸ್ತ್ರಜ್ಞ, ಆಗ 72ರ ವಯಸ್ಸು. ನಾಯಿ ಮತ್ತು ಗಿನಿಪಿಗ್‌ಗಳ ವೃಷಣ ಅರೆದು ತೆಗೆದ ರಸವನ್ನು ತಾನೇ ಚುಚ್ಚಿಕೊಂಡು, ಯೌವನದ ಕಸುವು ಮರಳಿತು ಎಂದು ಸಾರಿದ. ಟೆಸ್ಟೋಸ್ಟಿರೋನ್ ನೀರಿನಲ್ಲಿ ಕರಗುವುದೇ ಕಷ್ಟ. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಆತನ ವಿಧಾನದಲ್ಲೇ ರಸ ತಯಾರಿಸಿ ಅಳೆದಾಗ, ಪರಿಣಾಮ ಆಗುವಷ್ಟು ಹಾರ್ಮೋನು ಅದರಲ್ಲಿರಲೇ ಇಲ್ಲ. ಮುದುಕನಿಗೆ ಬಂದದ್ದು ನಂಬಿಕೆಯ ಬಲ. 1920ರ ದಶಕದಲ್ಲಿ ವೊರೊನೊಫ್ ಎಂಬಾತ ಶ್ರೀಮಂತರಿಗೆ ಮಂಗನ ವೃಷಣದ ಚೂರುಗಳನ್ನು ಕಸಿ ಮಾಡಿ ಹಣ ಗಳಿಸಿದ. ಅದನ್ನು ಇಲ್ಲಿಗೇ ಬಿಡೋಣ.

‘ಹಾರ್ಮೋನ್’ ಎಂಬ ಶಬ್ದವನ್ನು 1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಬಳಕೆಗೆ ತಂದ. ಮುಂದಿನದು ಅಳತೆಯ ಕಥೆ, ಗಣಿತದ ಮಾಸ್ತರರಿಗೂ ರುಚಿಸುವಂಥದ್ದು. 1931ರಲ್ಲಿ ಬುಟೆನಾಂಟ್ ಪೊಲೀಸರ 15,000 ಲೀಟರ್ ಮೂತ್ರದಿಂದ 15 ಮಿಲಿಗ್ರಾಂ ಆಂಡ್ರೋಸ್ಟಿರೋನ್ ತೆಗೆದ. ಸಾವಿರ ಲೀಟರಿಗೆ ಒಂದು ಮಿಲಿಗ್ರಾಂ! ಅದೂ ಅಸಲಿನದಲ್ಲ, ಅದರ ದುರ್ಬಲ ದಾಯಾದಿ. 1935ರಲ್ಲಿ ಆಮ್‌ಸ್ಟರ್‌ಡಾಮಿನ ಲಾಕರ್ ತಂಡ ಹೋರಿಗಳ ವೃಷಣದಿಂದ ಅಸಲಿನದನ್ನು ಬೇರ್ಪಡಿಸಿ ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕಾ ಕೊಲೆಸ್ಟರಾಲಿನಿಂದ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ನೊಬೆಲ್ ಇಬ್ಬರಿಗೂ ಬಂತು.

ಔಷಧ ಕೈಗೆ ಬಂದ ಮೇಲೆ ತೊಂದರೆಗಳು ಒಂದೊಂದಾಗಿ ಗೊತ್ತಾದವು. ನುಂಗಿದರೆ ರಕ್ತಕ್ಕೆ ಸೇರುವ ಮೊದಲೇ ಯಕೃತ್ತು ಅದನ್ನು ಒಡೆದುಹಾಕುತ್ತದೆ. ಒಡೆಯದಂತೆ ರಚನೆ ಬದಲಿಸಿ ಮೀಥೈಲ್ ಟೆಸ್ಟೋಸ್ಟಿರೋನ್ ಮಾಡಿದರು. ಅದು ಯಕೃತ್ತಿಗೇ ಕೆಟ್ಟದಾಯಿತು, ಕೆಲವರಿಗೆ ಕಾಮಾಲೆ ಬಂತು. 1950ರ ದಶಕದಲ್ಲಿ ಎರಡು-ಮೂರು ವಾರಕ್ಕೊಮ್ಮೆ ಕೊಡುವ ಎಣ್ಣೆಯ ಇಂಜೆಕ್ಷನ್ ಬಂತು. ಅದರಲ್ಲಿ ಏರಿಳಿತದ ಕಾಟ: ಚುಚ್ಚಿದ ಮೊದಲ ದಿನಗಳಲ್ಲಿ ಮಟ್ಟ ಮೇಲೆ ಹಾರುತ್ತದೆ, ಮುಂದಿನ ಸೂಜಿ ಬರುವಷ್ಟರಲ್ಲಿ ತೀರ ಕೆಳಗಿಳಿಯುತ್ತದೆ, ಮನಸ್ಸೂ ಹಾಗೆಯೇ. ಈ ಏರಿಳಿತ ತಗ್ಗಿಸಲು ಪ್ರಮಾಣ ಕಡಿಮೆ ಮಾಡಿ ಬೇಗ ಬೇಗ ಕೊಡುವ ಕ್ರಮ ಬಂತು, ಚರ್ಮಕ್ಕೆ ಹಚ್ಚುವ ಜೆಲ್ ಬಂತು. ಜೆಲ್ ಹಚ್ಚಿಕೊಂಡ ತಂದೆಯನ್ನು ಮುಟ್ಟಿ ಪುಟ್ಟ ಮಕ್ಕಳಲ್ಲಿ ಅಕಾಲ ಪ್ರೌಢತೆಯ ಲಕ್ಷಣ ಕಂಡದ್ದರಿಂದ 2009ರಲ್ಲಿ ಅಮೆರಿಕದಲ್ಲಿ ಅದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳ ಮೂಲಕ ವೃಷಣಕ್ಕೆ ಕೆಲಸ ಹೇಳುತ್ತದೆ. ಮೊದಲ ಸಂದೇಶದ ರಚನೆ ಶ್ಯಾಲಿ ಮತ್ತು ಗಿಯೆಮಾ ಅವರ ಪ್ರಯೋಗಾಲಯಗಳಿಂದ 1971ರಲ್ಲಿ ಹೊರಬಂತು. 1977ರಲ್ಲಿ ಇಬ್ಬರಿಗೂ ನೊಬೆಲ್. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸಾಕಷ್ಟಿದ್ದರೆ ಈ ಸಂದೇಶಗಳು ನಿಲ್ಲುತ್ತವೆ. ನಮ್ಮ ಬರಗಾಲದ ಊರಿನವರಿಗೆ ಇದು ಕಷ್ಟದ ಮಾತಲ್ಲ. ಟಾಕಿಯೊಳಗೆ ತೇಲುವ ಚೆಂಡು ಇರುತ್ತದಲ್ಲ, ಟ್ಯಾಂಕರಿನವನು ಬಂದು ಮೇಲಿನಿಂದ ತುಂಬಿಸಿದರೆ ಚೆಂಡು ಏರಿ ನಳದ ನೀರು ತಾನೇ ಬಂದಾಗುತ್ತದೆ. ಟಾಕಿ ತುಂಬಿಯೇ ಕಾಣುತ್ತದೆ, ಆದರೆ ನಳ ಒಣಗಿರುತ್ತದೆ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟಿರೋನ್ ಬೇಕು. ಸೂಜಿಯಿಂದ ರಕ್ತ ತುಂಬುತ್ತದೆ, ಒಳಗಿನದು ಬರಿದಾಗುತ್ತದೆ.

ಇದು ಎಷ್ಟು ಖಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಸಂತಾನ ನಿಯಂತ್ರಣಕ್ಕೆ ಬಳಸಿ ನೋಡಿತು! 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟರು. 157 ಜನರ ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಮೈ ಕಟ್ಟಲೆಂದು ಹುಡುಗರು ಚುಚ್ಚಿಕೊಳ್ಳುವುದು ಇದೇ ಔಷಧವನ್ನು. ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ವೀರ್ಯಾಣು ಮರಳುತ್ತದೆ, ಆದರೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಹಿಡಿಯಬಹುದು. ಆದ್ದರಿಂದಲೇ ಮಕ್ಕಳು ಬೇಕೆನ್ನುವವರಿಗೆ ತಿಳಿದ ವೈದ್ಯರು ಟೆಸ್ಟೋಸ್ಟಿರೋನ್ ಕೊಡುವುದಿಲ್ಲ. ವೃಷಣವನ್ನೇ ಎಚ್ಚರಿಸುವ ಬೇರೆ ಹಾರ್ಮೋನು ಕೊಡುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟೆಸ್ಟೋಸ್ಟಿರೋನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಆಗುತ್ತದೆ. ಅತಿಯಾದರೆ ಗಂಡಸರಿಗೂ ಎದೆ ಬೆಳೆಯಬಹುದು. ಹಾಗಾಗಿ ಅದನ್ನು ತಡೆಯುವ ಮಾತ್ರೆಯನ್ನೂ ಜೊತೆಗೆ ನುಂಗುತ್ತಾರೆ. ಆದರೆ 1994ರಲ್ಲಿ ವರದಿಯಾದ 28 ವರ್ಷದ ಗಂಡಸೊಬ್ಬನ ದೇಹಕ್ಕೆ ಈಸ್ಟ್ರೋಜನ್ ತಾಗುತ್ತಲೇ ಇರಲಿಲ್ಲ. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಿದ್ದ, ಎಲುಬುಗಳು ಮಾತ್ರ ಟೊಳ್ಳು. ಗಂಡಸಿನ ಎಲುಬಿಗೂ ಈಸ್ಟ್ರೋಜನ್ ಬೇಕು ಎಂಬುದು ಆಗ ತಿಳಿಯಿತು. ಪೂರ್ತಿ ಒತ್ತಿಹಾಕುವುದು ಸಮತೋಲನವಲ್ಲ.

ಹಾರ್ಮೋನು ನಿಜವಾಗಿಯೂ ಕಡಿಮೆಯಿರುವವರಿಗೆ ಈ ಚಿಕಿತ್ಸೆ ದೊಡ್ಡ ಉಪಕಾರ, ಅದರಲ್ಲಿ ಸಂಶಯವಿಲ್ಲ. ಅದಕ್ಕೆ ಎರಡು ಬೇರೆ ಬೇರೆ ದಿನ, ಬೆಳಗ್ಗೆ, ರಕ್ತ ಪರೀಕ್ಷಿಸಿ ಕೊರತೆಯನ್ನು ಖಚಿತಪಡಿಸಬೇಕು. ಶುರುವಾದ ಮೇಲೆ ರಕ್ತ ದಪ್ಪವಾಗುತ್ತದೆಯೇ ನೋಡುತ್ತಿರಬೇಕು: ಕೆಂಪು ಕಣಗಳ ಪಾಲು ನೂರಕ್ಕೆ 54 ದಾಟಿದರೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು. ಹೃದಯದ ವಿಷಯದಲ್ಲಿ ಬಹಳ ವರ್ಷ ಜಗಳವಿತ್ತು. 2010ರಲ್ಲಿ ಪ್ರಕಟವಾದ, 209 ಹಿರಿಯರ ಒಂದು ಅಧ್ಯಯನವನ್ನು ಹೃದಯದ ತೊಂದರೆ ಹೆಚ್ಚಾದ ಕಾರಣ ನಡುವೆಯೇ ನಿಲ್ಲಿಸಿದ್ದರು. 2023ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಕೊರತೆ ಇದ್ದವರಿಗೆ ಕೊಟ್ಟಾಗ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮೂತ್ರಪಿಂಡದ ತೊಂದರೆ ಸ್ವಲ್ಪ ಹೆಚ್ಚು ಕಂಡವು. ಇವೆಲ್ಲ ವೈದ್ಯರ ಕಣ್ಣೆದುರು ತೂಗಿ ನೋಡಿ ಕೊಟ್ಟ ಪ್ರಮಾಣದ ಫಲಿತಾಂಶ. ಚೀಟಿಯಿಲ್ಲದ ಸೀಸೆಗೆ ಇದು ಅನ್ವಯಿಸುವುದಿಲ್ಲ.

ನಮ್ಮ ಹುಡುಗನಿಗೆ ಬೈಯಲಿಲ್ಲ. ಹೆಂಡತಿಯನ್ನು ಮಾತ್ರ ಆ ಡಾಕ್ಟರು ಈ ಡಾಕ್ಟರು ಎಂದು ತಿರುಗಿಸಿದ್ದ. ಇಂಜೆಕ್ಷನ್ ಮಾತು ಯಾರ ಮುಂದೆಯೂ ಆಡಿರಲಿಲ್ಲ. “ಮೊದಲ ಆಕಿಗೆ ಹೇಳಪಾ, ಆಮ್ಯಾಲ ಡಾಕ್ಟರಿಗೆ ಹೇಳು” ಅಂದೆವು. ಹೇಳಿದ್ದಾನೆ. ಇಬ್ಬರೂ ಕೂಡಿ ಸಾಂಗಲಿಗೆ ಹೋಗಿ ಬಂದರು. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ತಳ ಮುಟ್ಟಿದ್ದವಂತೆ, ಈಗ ನಿಧಾನವಾಗಿ ಏರುತ್ತಿವೆ. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ.